ಎಂಜಿನ್ ಡ್ರೈವ್ ಬೆಲ್ಟ್ ತುಂಡಾದಾಗ: ಕಾರಣ ಹುಡುಕುವುದು, ಹೊಸದು ಕೂರಿಸುವುದು

ಬಾನೆಟ್ ಒಳಗೆ ಪಟ್ ಪಟ್ ಎಂದು ಏನೋ ಬಡಿದ ಸದ್ದು, ಅದರ ಹಿಂದೆಯೇ ಬ್ಯಾಟರಿ ದೀಪ, ಸ್ಟೀರಿಂಗ್ ಒಮ್ಮೆಲೇ ಭಾರ. ಈ ಮೂರೂ ಒಟ್ಟಿಗೆ ಬಂದರೆ ಡ್ರೈವ್ ಬೆಲ್ಟ್ ಹೋಯಿತೆಂದೇ ಲೆಕ್ಕ. ಇಂದಿನ ಹಲವು ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಕ್ರ್ಯಾಂಕ್ ಪುಲ್ಲಿಯಿಂದ (ಎಂಜಿನ್ನಿನ ಮುಖ್ಯ ಶಾಫ್ಟಿನ ತುದಿಯ ಗಾಲಿ) ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್), ವಾಟರ್ ಪಂಪ್, ಸ್ಟೀರಿಂಗ್ ಪಂಪ್, ಎ.ಸಿ. ಕಂಪ್ರೆಸರ್ ಎಲ್ಲವನ್ನೂ ತಿರುಗಿಸುವುದು ಇದೊಂದೇ ಬೆಲ್ಟ್. ಬದಲಿಸುವ ಕೆಲಸ ದೊಡ್ಡದಲ್ಲ. ಕೈ ಓಡುವ ಜಾಗವಿದ್ದರೆ ಅರ್ಧ ಗಂಟೆ ಸಾಕು. ಕಷ್ಟವಿರುವುದು ಅದು ಯಾಕೆ ತುಂಡಾಯಿತು ಎಂದು ಪತ್ತೆ ಮಾಡುವುದರಲ್ಲಿ. ಜಾಮ್ ಆದ ಪುಲ್ಲಿಯ ಮೇಲೆ ಹೊಸ ಬೆಲ್ಟ್ ಎಳೆದು ಹಾಕಿದರೆ ಅದರ ಆಯಸ್ಸು ನಿಮಿಷಗಳಲ್ಲಿ ಮುಗಿಯುತ್ತದೆ, ಮತ್ತು ಕಾಡಿನ ನಡುವೆ ಎರಡನೇ ಸ್ಪೇರ್ ಬೆಲ್ಟ್ ಯಾರ ಬಳಿಯೂ ಇರುವುದಿಲ್ಲ.

ತಕ್ಷಣ ಮಾಡಬೇಕಾದ್ದು

ಗಾಡಿಯನ್ನು ಸಮತಟ್ಟು ಜಾಗಕ್ಕೆ ಹೊರಳಿಸಿ ಎಂಜಿನ್ ಆಫ್ ಮಾಡಿ. ಇನ್ನೊಂದು ಕಿಲೋಮೀಟರ್ ಹೋಗಿ ನೋಡೋಣ ಎನ್ನುವುದು ಬೇಡ. ವಾಟರ್ ಪಂಪ್ ನಿಂತ ಮೇಲೆ ಕೂಲೆಂಟ್ ಹರಿಯುವುದಿಲ್ಲ, ಸಿಲಿಂಡರ್ ಹೆಡ್ ಸುತ್ತಲಿನ ನೀರು ಅಲ್ಲೇ ಕುದಿಯತೊಡಗುತ್ತದೆ. ಇಲ್ಲಿ ಟೆಂಪರೇಚರ್ ಮುಳ್ಳನ್ನು ನಂಬುವಂತಿಲ್ಲ: ಸೆನ್ಸರ್ ಸಾಮಾನ್ಯವಾಗಿ ಥರ್ಮೋಸ್ಟಾಟ್ ಹತ್ತಿರ ಇರುತ್ತದೆ, ಹರಿವೇ ಇಲ್ಲದಾಗ ಬಿಸಿ ನೀರು ಅಲ್ಲಿಗೆ ತಡವಾಗಿ ಮುಟ್ಟುತ್ತದೆ. ಮುಳ್ಳು ಮೇಲೇರುವ ಹೊತ್ತಿಗೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಕೆಟ್ಟಿರಬಹುದು.

ಇಳಿಜಾರಿನಲ್ಲಿದ್ದಾಗ ಇನ್ನೊಂದು ಅಪಾಯವಿದೆ. ಕೆಲವು ಡೀಸೆಲ್ ಎಂಜಿನ್‌ಗಳಲ್ಲಿ, ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರ್‌ನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಜೋಡಿಸಿರುತ್ತದೆ. ಬೆಲ್ಟ್ ಹೋದರೆ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್‌ನಲ್ಲಿ ಎರಡು ಮೂರು ಬ್ರೇಕ್ ಸಿಗುತ್ತದೆ, ಆಮೇಲೆ ಪೆಡಲ್ ಗಟ್ಟಿ. ಬ್ರೇಕ್ ಹಿಡಿಯುತ್ತದೆ, ಆದರೆ ಕಾಲಿನ ಪೂರ್ತಿ ಬಲ ಬೇಕು. ಹಾಗಾಗಿ ಪೆಡಲನ್ನು ಒತ್ತಿ ಬಿಟ್ಟು ಮಾಡದೆ, ಒಂದೇ ಸಲ ಒತ್ತಿ ಹಿಡಿದು, ಲೋ ಗೇರಿನಲ್ಲಿ ನಿಲ್ಲಿಸಿ. ನಿಂತ ಮೇಲೆ ಹ್ಯಾಂಡ್ ಬ್ರೇಕ್, ಗೇರ್, ಚಕ್ರಗಳಿಗೆ ಕಲ್ಲು.

ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ. ಇಗ್ನಿಷನ್ ಆಫ್ ಆಗಿದ್ದರೂ ಎಲೆಕ್ಟ್ರಿಕ್ ಫ್ಯಾನ್ ತಾನಾಗಿ ತಿರುಗುವ ಗಾಡಿಗಳಿವೆ, ಕೈ ಇರುವುದು ಅದರ ಪಕ್ಕದಲ್ಲೇ.

ಚೂರುಗಳನ್ನು ಮೊದಲು ಹುಡುಕಿ

ಹರಿದ ಬೆಲ್ಟನ್ನು ಪೂರ್ತಿ ಹೊರತೆಗೆಯುವವರೆಗೆ ಸ್ಟಾರ್ಟರ್ ಮುಟ್ಟಬಾರದು. ಬೆಲ್ಟ್ ಒಳಗಿನ ಪಾಲಿಯೆಸ್ಟರ್ ಅಥವಾ ಅರಾಮಿಡ್ ನೂಲು ತುಂಡಾಗುವಾಗ ಬಿಚ್ಚಿಕೊಂಡು ಕ್ರ್ಯಾಂಕ್ ಪುಲ್ಲಿಯ ಹಿಂಬದಿಗೆ ಸುತ್ತಿಕೊಳ್ಳುತ್ತದೆ. ಅಲ್ಲಿಂದ ಆಯಿಲ್ ಸೀಲಿನ ತುಟಿಯನ್ನು ಕೊಯ್ಯುತ್ತದೆ. ವಾರದ ನಂತರ ಮುಂದಿನಿಂದ ಆಯಿಲ್ ಸೋರಿದಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ಟೈಮಿಂಗ್ ಬೆಲ್ಟ್ (ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆಯುವಂತೆ ನಡೆಸುವ ಒಳಗಿನ ಬೆಲ್ಟ್) ಇರುವ ಎಂಜಿನ್ ಆದರೆ ಇನ್ನೂ ಕೆಟ್ಟದ್ದು ಆಗಬಹುದು. ಕೆಳಗಿನ ಪ್ಲಾಸ್ಟಿಕ್ ಕವರಿನ ಸಂದಿನಿಂದ ಒಂದು ಎಳೆ ಒಳಗೆ ಹೋಗಿ ಟೈಮಿಂಗ್ ಬೆಲ್ಟಿನ ಹಲ್ಲು ಜಾರಿದರೆ ಹಲವು ಎಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ.

ಟಾರ್ಚ್ ಮತ್ತು ಸಣ್ಣ ಕನ್ನಡಿ ಹಿಡಿದು ಕ್ರ್ಯಾಂಕ್ ಪುಲ್ಲಿಯ ಹಿಂದೆ, ಫ್ಯಾನ್ ಕವಚದ ತಳದಲ್ಲಿ, ಸ್ಕಿಡ್ ಪ್ಲೇಟಿನ (ಎಂಜಿನ್ ಅಡಿಯ ರಕ್ಷಣೆಯ ತಗಡು) ಮೇಲೆ ನೋಡಿ. ಸಿಕ್ಕ ತುಂಡುಗಳನ್ನು ನೆಲದ ಮೇಲೆ ಜೋಡಿಸಿಟ್ಟರೆ ಎಷ್ಟು ಕಾಣೆಯಾಗಿದೆ ಎಂದು ಅಂದಾಜು ಸಿಗುತ್ತದೆ. ಟೈಮಿಂಗ್ ಕವರ್ ಬಿರುಕು ಬಿಟ್ಟಿದ್ದರೆ ಅಥವಾ ಅದರ ಅಂಚಿನಲ್ಲಿ ನೂಲು ಇಣುಕುತ್ತಿದ್ದರೆ, ಕವರ್ ಬಿಚ್ಚಿ ನೋಡದೆ ಎಂಜಿನ್ ತಿರುಗಿಸಬೇಡಿ. ಬೆಲ್ಟಿನ ತುದಿ ಚಾಟಿಯೇಟಿನಂತೆ ಬಡಿದಿರುತ್ತದೆ, ಆದ್ದರಿಂದ ರೇಡಿಯೇಟರ್ ಕೆಳಗಿನ ಹೋಸ್, ಕ್ರ್ಯಾಂಕ್ ಸೆನ್ಸರಿನ ವೈರ್, ಎ.ಸಿ. ಪೈಪ್ ಇವುಗಳನ್ನೂ ಬೆರಳಾಡಿಸಿ ನೋಡಿ. ಬೆಲ್ಟ್ ಹಾಕಿದ ಮೇಲೆ ಎಂಜಿನ್ ಸ್ಟಾರ್ಟೇ ಆಗದಿದ್ದರೆ ಮೊದಲ ಅನುಮಾನ ಆ ಸೆನ್ಸರ್ ವೈರಿನ ಮೇಲೆ.

ಸತ್ತ ಬೆಲ್ಟ್ ಏನು ಹೇಳುತ್ತದೆ

ಹಳೆಯ ಬೆಲ್ಟನ್ನು ಎಸೆಯಬೇಡಿ. ಕೆಸರು ತೊಳೆದು, ಬೆಳಕಿಗೆ ಹಿಡಿದು, ರಿಬ್ (ಉದ್ದಕ್ಕೂ ಹೋಗುವ ಏಣು) ಇರುವ ಒಳಮೈ, ನುಣುಪಾದ ಬೆನ್ನು, ಎರಡೂ ಅಂಚು ಬೇರೆ ಬೇರೆಯಾಗಿ ನೋಡಿ.

ಒಂದೇ ಅಂಚು ದಾರದಾರವಾಗಿ ಕಿತ್ತುಬಂದು, ಆ ಬದಿಯ ರಿಬ್ ಒಂದು ಉದ್ದಕ್ಕೂ ಹರಿದಿದ್ದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಐಡ್ಲರ್ (ಬೆಲ್ಟಿಗೆ ದಾರಿ ತೋರಿಸಲಷ್ಟೇ ಇರುವ ಪುಲ್ಲಿ) ಬೇರಿಂಗ್ ಸವೆದು ವಾಲಿರಬಹುದು, ಟೆನ್ಷನರ್ (ಸ್ಪ್ರಿಂಗ್ ಬಲದಿಂದ ಬೆಲ್ಟನ್ನು ಬಿಗಿ ಹಿಡಿಯುವ ಭಾಗ) ತೋಳಿನ ಬುಷ್ ಹೋಗಿರಬಹುದು, ಆಲ್ಟರ್ನೇಟರ್ ಬ್ರಾಕೆಟ್ಟಿನ ಬೋಲ್ಟ್ ಸಡಿಲವಾಗಿರಬಹುದು. ಕಲ್ಲುದಾರಿಯ ಕುಲುಕಾಟಕ್ಕೆ ಬ್ರಾಕೆಟ್ಟೇ ಬಿರುಕು ಬಿಡುವುದೂ ಉಂಟು.

ಒಳಮೈ ಗಾಜಿನ ಹೊಳಪು ಬಂದು ಗಟ್ಟಿಯಾಗಿದ್ದರೆ, ಸುಟ್ಟ ರಬ್ಬರ್ ವಾಸನೆಯಿದ್ದರೆ ಬೆಲ್ಟ್ ಜಾರಿದೆ. ಟೆನ್ಷನ್ ಸಾಲದೆ ಜಾರಿರಬಹುದು, ಅಥವಾ ರಿಬ್ ಪುಲ್ಲಿಗಳಲ್ಲೊಂದು ತಿರುಗಲು ಒಪ್ಪದೆ ಜಾರಿರಬಹುದು. ಬೆನ್ನು ಮಾತ್ರ ಸುಟ್ಟು ಕಪ್ಪಾಗಿ ಮಿನುಗುತ್ತಿದ್ದರೆ ಕೆಲಸ ಇನ್ನೂ ಸುಲಭ: ಬೆಲ್ಟಿನ ಬೆನ್ನಿಗೆ ತಾಗುವ ನುಣುಪು ಪುಲ್ಲಿಗಳು ಒಂದೋ ಎರಡೋ ಇರುತ್ತವೆ, ಅವುಗಳಲ್ಲೊಂದು ಜಾಮ್ ಆಗಿದೆ. ಪ್ಲಾಸ್ಟಿಕ್ ಐಡ್ಲರ್ ಆದರೆ ಅದರ ಮೈ ಕರಗಿದ್ದು ಕಣ್ಣಿಗೇ ಕಾಣುತ್ತದೆ.

ರಬ್ಬರ್ ಮೆತ್ತಗಾಗಿ, ಉಬ್ಬಿ, ಉಗುರಿಗೆ ಬರುವಂತಿದ್ದರೆ ಎಣ್ಣೆ ಬಿದ್ದಿದೆ. ಮೇಲಿನಿಂದ ಸ್ಟೀರಿಂಗ್ ಪಂಪಿನ ಹೋಸ್, ವಾಲ್ವ್ ಕವರ್ ಗ್ಯಾಸ್ಕೆಟ್. ಕೆಳಗಿನಿಂದ ಕ್ರ್ಯಾಂಕ್ ಸೀಲ್. ಸೋರಿಕೆ ನಿಲ್ಲಿಸದೆ ಹೊಸ ಬೆಲ್ಟ್ ಹಾಕುವುದು ವ್ಯರ್ಥ.

ರಿಬ್‌ಗಳ ತುದಿ ಚಪ್ಪಟೆಯಾಗಿರದೆ ಚೂಪಾಗಿದ್ದರೆ, ತೋಡುಗಳಲ್ಲಿ ಮರಳು ಅಥವಾ ಸಣ್ಣ ಜಲ್ಲಿ ಅಂಟಿದ್ದರೆ ಅದು ಒರಟು ದಾರಿಯ ಗುರುತು. ಕೆಸರು ನೀರಿನಲ್ಲಿ ಇಳಿದು ಬಂದ ಗಾಡಿಯಲ್ಲಿ ಮರಳು ಬೆಲ್ಟನ್ನು ಅರದಂತೆ ಉಜ್ಜುತ್ತದೆ. ಇನ್ನು, ಉಳಿದ ಮೈ ಚೆನ್ನಾಗಿದ್ದು ಒಂದೇ ಜಾಗದಲ್ಲಿ ಕತ್ತರಿಸಿದಂತೆ ತುಂಡಾಗಿದ್ದರೆ ನೂಲು ಒಮ್ಮೆಲೇ ಏಟು ತಿಂದಿದೆ: ಪುಲ್ಲಿಗೂ ಬೆಲ್ಟಿಗೂ ನಡುವೆ ಕಲ್ಲು ಸಿಕ್ಕಿರಬಹುದು (ಸ್ಕಿಡ್ ಪ್ಲೇಟ್ ತೆಗೆದಿಟ್ಟ ಗಾಡಿಗಳಲ್ಲಿ ಇದು ಹೆಚ್ಚು), ಅಥವಾ ಹಿಂದಿನ ಸಲ ಹಾಕಿದವರು ಸ್ಕ್ರೂಡ್ರೈವರ್‌ನಿಂದ ಮೀಟಿ ಕೂರಿಸಿರಬಹುದು.

ಅಡ್ಡ ಬಿರುಕುಗಳ ಬಗ್ಗೆ ಒಂದು ಮಾತು. ಹಳೆಯ ನಿಯೋಪ್ರೀನ್ ಬೆಲ್ಟುಗಳು ವಯಸ್ಸಾದಂತೆ ಬಿರುಕು ಬಿಡುತ್ತಿದ್ದವು, ನೋಡಿದರೆ ತಿಳಿಯುತ್ತಿತ್ತು. ಈಗಿನ ಇಪಿಡಿಎಂ ರಬ್ಬರ್ ಅಷ್ಟು ಸುಲಭಕ್ಕೆ ಬಿರುಕು ಬಿಡುವುದಿಲ್ಲ, ಟೈರಿನ ಹಾಗೆ ಸುಮ್ಮನೆ ಸವೆಯುತ್ತದೆ. ಬಿರುಕಿಲ್ಲ ಎಂಬ ಕಾರಣಕ್ಕೆ ಬೆಲ್ಟ್ ಚೆನ್ನಾಗಿದೆ ಎನ್ನುವ ತೀರ್ಪು ಇಂದು ನಿಲ್ಲುವುದಿಲ್ಲ.

ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ

ಬೆಲ್ಟ್ ಇಲ್ಲದಿರುವುದೇ ಪರೀಕ್ಷೆಗೆ ಒಳ್ಳೆಯ ಅವಕಾಶ. ಎಂಜಿನ್ ಮುಟ್ಟುವಷ್ಟು ತಣಿದ ಮೇಲೆ ಪ್ರತಿ ಪುಲ್ಲಿಯನ್ನೂ ಮೊದಲು ತಿರುಗಿಸಿ, ಆಮೇಲೆ ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ.

ಐಡ್ಲರ್ ಮತ್ತು ಟೆನ್ಷನರ್ ಪುಲ್ಲಿ: ಬೆರಳಿಂದ ಬೀಸಿ ಬಿಟ್ಟರೆ ಸದ್ದಿಲ್ಲದೆ ಒಂದೆರಡು ಸುತ್ತು ತಿರುಗಿ ನಿಲ್ಲಬೇಕು. ಒಳಗೆ ಗ್ರೀಸ್ ಇದ್ದರೆ ಹಾಗೇ ನಿಲ್ಲುವುದು. ಗರಗರ ಎಂದರೆ ಬೇರಿಂಗ್ ಹೋಗಿದೆ. ಬಹಳ ಹೊತ್ತು ಸರ್ರನೆ ತಿರುಗುತ್ತಲೇ ಇದ್ದರೂ ಹೋಗಿದೆ, ಗ್ರೀಸ್ ಒಣಗಿರುತ್ತದೆ. ಇದನ್ನು ‘ಫ್ರೀಯಾಗಿದೆ’ ಎಂದು ಒಪ್ಪಿಕೊಂಡುಬಿಡುವವರೇ ಹೆಚ್ಚು. ನೀರಿಗಿಳಿದ ಗಾಡಿಗಳಲ್ಲಿ ಮೊದಲು ಸಾಯುವುದು ಈ ಬೇರಿಂಗುಗಳೇ. ಬಿಸಿ ಬೇರಿಂಗ್ ತಣ್ಣೀರಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಅಂಚಿನಿಂದ ಕೆಸರುನೀರನ್ನು ಒಳಗೆಳೆದುಕೊಳ್ಳುತ್ತದೆ. ಬಹಳಷ್ಟು ಐಡ್ಲರ್‌ಗಳಲ್ಲಿ ಕೂರುವುದು 6203 ಬೇರಿಂಗ್: ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿ.ಮೀ. ಎರಡೂ ಬದಿ ರಬ್ಬರ್ ಸೀಲ್ ಇರುವ 2ಆರ್‌ಎಸ್ ಮಾದರಿಯನ್ನೇ ಕೇಳಿ. ಲೋಹದ ಶೀಲ್ಡ್ ಇರುವುದು ಕೆಸರನ್ನು ತಡೆಯುವುದಿಲ್ಲ.

ಟೆನ್ಷನರ್ ತೋಳು: ಸ್ಪ್ಯಾನರ್ ಹಾಕಿ ಪೂರ್ತಿ ತಿರುಗಿಸಿ ನಿಧಾನವಾಗಿ ಬಿಡಿ. ಎಲ್ಲೂ ಸಿಕ್ಕಿಕೊಳ್ಳದೆ ಒಂದೇ ಸಮನೆ ಮರಳಬೇಕು. ನಡುವೆ ನಿಂತರೆ ಅಥವಾ ಕೈಗೆ ಸ್ಪ್ರಿಂಗಿನ ಬಲವೇ ತಿಳಿಯದಿದ್ದರೆ ಪೂರ್ತಿ ಟೆನ್ಷನರ್ ಬದಲಿಸಬೇಕು.

ಆಲ್ಟರ್ನೇಟರ್: ಕೆಲವುಗಳಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಪುಲ್ಲಿ ಇರುತ್ತದೆ. ಒಳಗಿನ ಫ್ಯಾನನ್ನು ತಡೆಹಿಡಿದು ಪುಲ್ಲಿ ತಿರುಗಿಸಿದರೆ ಒಂದು ಕಡೆಗೆ ಬಿಗಿ, ಇನ್ನೊಂದು ಕಡೆಗೆ ಸಡಿಲ ತಿರುಗಬೇಕು. ಎರಡೂ ಕಡೆ ಬಿಗಿಯಾದರೆ ಎಂಜಿನ್ನಿನ ಪ್ರತಿ ಜಗ್ಗಾಟವೂ ನೇರ ಬೆಲ್ಟಿಗೆ ಹೋಗುತ್ತದೆ, ಟೆನ್ಷನರ್ ನಡುಗುತ್ತಲೇ ಇರುತ್ತದೆ.

ವಾಟರ್ ಪಂಪ್: ಶಾಫ್ಟ್ ಅಲ್ಲಾಡಬಾರದು, ಕೆಳಗಿನ ಸಣ್ಣ ರಂಧ್ರದ ಸುತ್ತ ಒಣಗಿದ ಕೂಲೆಂಟ್ ಕಲೆ ಇರಬಾರದು. ಕಲೆ ಇದ್ದರೆ ಸೀಲ್ ಹೋಗಿದೆ, ಬೇರಿಂಗಿನ ಸರದಿ ಮುಂದಿನದು.

ಎ.ಸಿ. ಕಂಪ್ರೆಸರ್: ಕ್ಲಚ್ ಇರುವ ಮಾದರಿಯಲ್ಲಿ ಹೊರಗಿನ ಪುಲ್ಲಿ ಬೇರೆ, ಮುಂದಿನ ತಟ್ಟೆ ಬೇರೆ. ಪುಲ್ಲಿ ಸಲೀಸಾಗಿ ತಿರುಗಿ, ತಟ್ಟೆ ಮಾತ್ರ ಕೈಗೆ ಬರದಿದ್ದರೆ ಕಂಪ್ರೆಸರ್ ಒಳಗೆ ಹಿಡಿದಿದೆ. ಆಗ ಕ್ಲಚ್ಚಿನ ವೈರ್ ಸಾಕೆಟ್ ಕಳಚಿ ಎ.ಸಿ. ಇಲ್ಲದೆ ಗಾಡಿ ಓಡಿಸಬಹುದು. ಪುಲ್ಲಿಯೇ ಹಿಡಿದಿದ್ದರೆ ಅದನ್ನು ಬಿಟ್ಟು ಹಾಯಿಸಲು ಚಿಕ್ಕ ಬೆಲ್ಟ್ ಬೇಕು. ದೂರ ಹೋಗುವವರು ತಮ್ಮ ಎಂಜಿನ್ನಿಗೆ ಆ ಅಳತೆ ಯಾವುದೆಂದು ಮನೆಯಲ್ಲೇ ದಾರ ಸುತ್ತಿ ಗುರುತು ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಕ್ರ್ಯಾಂಕ್ ಪುಲ್ಲಿ: ಇದು ಒಂದೇ ಲೋಹದ ತುಂಡಲ್ಲ. ನಡುವಿನ ಹಬ್ಬಿಗೂ ಹೊರಗಿನ ಬಳೆಗೂ ನಡುವೆ ರಬ್ಬರ್ ಪಟ್ಟಿ ಇರುತ್ತದೆ. ರಬ್ಬರ್ ಬಿರಿದು ಹೊರಗೆ ಉಬ್ಬಿದ್ದರೆ ಹೊರಬಳೆ ಮೆಲ್ಲಗೆ ಮುಂದಕ್ಕೋ ಹಿಂದಕ್ಕೋ ಸರಿದು ಬೆಲ್ಟಿನ ಸಾಲು ತಪ್ಪಿಸುತ್ತದೆ.

ಸಾಲು ನೋಡಲು ನೇರವಾದ ಉಕ್ಕಿನ ಪಟ್ಟಿಯನ್ನು ಎರಡು ರಿಬ್ ಪುಲ್ಲಿಗಳ ಮುಖಕ್ಕೆ ತಾಗಿಸಿ. ಪುಲ್ಲಿಗಳ ನಡುವೆ 300 ಮಿ.ಮೀ. ಅಂತರವಿದ್ದಲ್ಲಿ 1.5 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ ಸರಿಪಡಿಸಬೇಕು. ಪುಲ್ಲಿಗಳ ಅಂಚಿನ ದಪ್ಪ ಬೇರೆ ಬೇರೆ ಇರಬಹುದಾದ್ದರಿಂದ ಅಳತೆಯನ್ನು ಮೊದಲ ತೋಡಿನಿಂದ ಲೆಕ್ಕ ಹಾಕಿ.

ಬೆಲ್ಟ್ ಆಯ್ಕೆ

ಬೆಲ್ಟಿನ ಬೆನ್ನ ಮೇಲೆ 6ಪಿಕೆ1880 ಎಂಬಂಥ ಗುರುತು ಇರುತ್ತದೆ. 6 ಎಂದರೆ ಆರು ರಿಬ್, ಪಿಕೆ ಎಂದರೆ ರಿಬ್‌ನಿಂದ ರಿಬ್‌ಗೆ 3.56 ಮಿ.ಮೀ. ಇರುವ ವಾಹನ ಮಾದರಿ, 1880 ಎಂದರೆ ಮಿಲಿಮೀಟರ್‌ನಲ್ಲಿ ಉದ್ದ. ಅಕ್ಷರ ಅಳಿಸಿಹೋಗಿದ್ದರೆ ಹಿಗ್ಗದ ದಾರವನ್ನು ಬೆಲ್ಟಿನ ಹಾದಿಯಲ್ಲೇ ಸುತ್ತಿ ಅಳೆಯಿರಿ, ಟೆನ್ಷನರನ್ನು ಅದರ ಓಟದ ಮಧ್ಯಕ್ಕೆ ಹಿಡಿದಿರಬೇಕು. ರಿಬ್ ಎಣಿಕೆಯಲ್ಲಿ ರಾಜಿ ಇಲ್ಲ. ಆರು ತೋಡಿನ ಪುಲ್ಲಿಗೆ ಐದು ರಿಬ್ ಬೆಲ್ಟ್ ಹಾಕಿ ತುರ್ತಿಗೆ ನಿಧಾನವಾಗಿ ಹೊರಬರಬಹುದು, ಆದರೆ ಒಂದು ತೋಡು ಖಾಲಿ ಬಿಟ್ಟದ್ದು ಎಲ್ಲ ಪುಲ್ಲಿಗಳಲ್ಲೂ ಒಂದೇ ಬದಿಯಲ್ಲಿರಬೇಕು.

ಟೆನ್ಷನರೇ ಇಲ್ಲದ ಕೆಲವು ಎಂಜಿನ್‌ಗಳಲ್ಲಿ ಹಿಗ್ಗುವ ಸ್ಟ್ರೆಚ್ ಬೆಲ್ಟ್ ಇರುತ್ತದೆ. ಅದನ್ನು ಏರಿಸಲು ಪುಲ್ಲಿಗೆ ಕಚ್ಚಿಕೊಳ್ಳುವ ವಿಶೇಷ ಹಿಡಿ ಬೇಕು. ಅದರ ಜಾಗಕ್ಕೆ ಸಾಮಾನ್ಯ ಬೆಲ್ಟ್ ಹೊಂದುವುದಿಲ್ಲ.

ಕೂರಿಸುವ ಕ್ರಮ

ಮೊದಲು ತೋಡುಗಳನ್ನು ಗಟ್ಟಿ ನೈಲಾನ್ ಬ್ರಷ್ಷಿನಿಂದ ಒಂದೊಂದಾಗಿ ಉಜ್ಜಿ. ಒಣಗಿದ ಕೆಸರು ತೋಡಿನ ತಳದಲ್ಲಿ ಸಿಮೆಂಟಿನಷ್ಟು ಗಟ್ಟಿಯಾಗಿರುತ್ತದೆ, ಅದರ ಮೇಲೆ ಕೂತ ಬೆಲ್ಟ್ ಒಂದು ಕಡೆಗೆ ಏರಿ ಹೊರಗೆ ಜಿಗಿಯುತ್ತದೆ. ಎಣ್ಣೆ ಇದ್ದರೆ ಬ್ರೇಕ್ ಕ್ಲೀನರ್ ಬಟ್ಟೆಗೆ ಹಾಕಿ ಒರೆಸಿ. ಬೇರಿಂಗ್ ಸೀಲಿನ ಮೇಲೆ ನೇರ ಸಿಂಪಡಿಸಬೇಡಿ.

ಬೆಲ್ಟಿನ ಹಾದಿಯ ಚಿತ್ರ ಬಾನೆಟ್ ಒಳಬದಿಯ ಸ್ಟಿಕ್ಕರಿನಲ್ಲಿರುತ್ತದೆ, ಹಳೆಯ ಗಾಡಿಗಳಲ್ಲಿ ಅದು ಇರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಬೆಲ್ಟ್ ಚೆನ್ನಾಗಿರುವಾಗಲೇ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಈ ಹೊತ್ತಿನ ಅರ್ಧ ತಲೆನೋವು ಇಲ್ಲ. ಚಿತ್ರ ಸಿಗದಿದ್ದರೆ ನೆನಪಿಡಲು ಒಂದೇ ಸೂತ್ರ: ತೋಡಿರುವ ಪುಲ್ಲಿಗೆ ಬೆಲ್ಟಿನ ರಿಬ್ ಮುಖ, ನುಣುಪು ಪುಲ್ಲಿಗೆ ಬೆನ್ನು. ವಾಟರ್ ಪಂಪ್ ನುಣುಪಾಗಿದ್ದರೆ ಅದು ಬೆನ್ನಿನಿಂದ, ಅಂದರೆ ಕ್ರ್ಯಾಂಕಿನ ಉಲ್ಟಾ ದಿಕ್ಕಿಗೆ ತಿರುಗುವಂಥದ್ದು. ಹಾದಿ ತಪ್ಪಿ ಅದನ್ನು ಹಿಂದುಮುಂದು ತಿರುಗಿಸಿದರೆ ಬೆಲ್ಟ್ ಚೆನ್ನಾಗಿಯೇ ಓಡುತ್ತದೆ, ಎಂಜಿನ್ ಮಾತ್ರ ಕುದಿಯುತ್ತದೆ.

ಕ್ರ್ಯಾಂಕ್ ಪುಲ್ಲಿಯಿಂದ ಶುರು ಮಾಡಿ, ಕೈಗೆ ಸುಲಭವಾಗಿ ಸಿಗುವ ಮೇಲಿನ ಒಂದು ಪುಲ್ಲಿಯನ್ನು ಕೊನೆಗೆ ಬಿಡಿ. ಕೊನೆಯದು ನುಣುಪು ಐಡ್ಲರ್ ಆದರೆ ಅತ್ಯುತ್ತಮ, ಅಂಚಿಲ್ಲದೆ ಬೆಲ್ಟ್ ಜಾರಿ ಕೂರುತ್ತದೆ. ಟೆನ್ಷನರ್ ತೋಳಿನಲ್ಲಿ ಚೌಕಾಕಾರದ ರಂಧ್ರ (3/8 ಅಥವಾ 1/2 ಇಂಚು) ಇಲ್ಲವೇ ಷಡ್ಭುಜ ತಲೆ ಇರುತ್ತದೆ. ಉದ್ದ ಹಿಡಿಯ ಬ್ರೇಕರ್ ಬಾರ್ ಹಾಕಿ, ಸ್ಪ್ರಿಂಗಿಗೆ ವಿರುದ್ಧ ತಿರುಗಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಬೆಲ್ಟ್ ಏರಿಸಿ. ಕೆಲವದರಲ್ಲಿ ತೋಳನ್ನು ಹಿಂದೆಳೆದು ಪಿನ್ ಹಾಕಿ ನಿಲ್ಲಿಸುವ ರಂಧ್ರವಿರುತ್ತದೆ, ಒಬ್ಬರೇ ಇದ್ದಾಗ ಅದು ದೊಡ್ಡ ಉಪಕಾರ. ಬಾರ್ ಜಾರಿದರೆ ತೋಳು ಬಡಿದು ಬೆರಳು ಜಜ್ಜುತ್ತದೆ, ಬೆಲ್ಟಿಗೂ ಪುಲ್ಲಿಗೂ ನಡುವೆ ಬೆರಳು ಬೇಡ. ಏರದಿದ್ದರೆ ಸ್ಕ್ರೂಡ್ರೈವರ್ ತೆಗೆದುಕೊಳ್ಳಬೇಡಿ. ಹಾದಿಯನ್ನೇ ಮತ್ತೆ ನೋಡಿ. ಸರಿಯಾದ ಉದ್ದದ ಬೆಲ್ಟ್ ಸರಿಯಾದ ಹಾದಿಯಲ್ಲಿ ಮೀಟದೆಯೇ ಏರುತ್ತದೆ.

ಈಗ ಪ್ರತಿ ಪುಲ್ಲಿಯ ಎರಡೂ ಅಂಚನ್ನು ಬೆರಳಿಂದ ಮುಟ್ಟಿ ನೋಡಿ, ಕಣ್ಣಿಗೆ ಕಾಣದ ಕೆಳಗಿನ ಪುಲ್ಲಿಗಳನ್ನು ವಿಶೇಷವಾಗಿ. ಒಂದು ರಿಬ್ ಹೊರಗೆ ಕೂತಿರುವುದು ಅತಿ ಸಾಮಾನ್ಯ ತಪ್ಪು. ಮೇಲಿನಿಂದ ಎಲ್ಲ ಸರಿಯಾಗೇ ಕಾಣುತ್ತದೆ, ಸ್ಟಾರ್ಟ್ ಮಾಡಿದ ಮೇಲೆ ಆ ರಿಬ್ ಕತ್ತರಿಸಿಕೊಂಡು ಬೆಲ್ಟನ್ನು ಸೀಳುತ್ತದೆ. ಆಮೇಲೆ ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೆ ಕೈಯಿಂದ ಎರಡು ಸುತ್ತು ತಿರುಗಿಸಿ, ಮತ್ತೆ ಮುಟ್ಟಿ ನೋಡಿ. ಟೆನ್ಷನರ್ ಮೇಲಿನ ಗೀಟು ಎರಡು ಮಿತಿ ಗುರುತುಗಳ ನಡುವೆ ನಿಂತಿರಬೇಕು.

ಐಡ್ಲರ್ ಅಥವಾ ಟೆನ್ಷನರ್ ಬದಲಿಸಿದ್ದರೆ ಬೋಲ್ಟಿನ ಬಿಗಿತ ಗಾಡಿಯ ಸರ್ವಿಸ್ ಪುಸ್ತಕದಂತೆ. ಪುಸ್ತಕ ಕೈಯಲ್ಲಿಲ್ಲದಾಗ 8.8 ದರ್ಜೆಯ ಎಂ8 ಬೋಲ್ಟಿಗೆ 22ರಿಂದ 25, ಎಂ10ಕ್ಕೆ 45ರ ಆಸುಪಾಸು ನ್ಯೂಟನ್ ಮೀಟರ್. ಅಲ್ಯೂಮಿನಿಯಂ ಬ್ಲಾಕಿಗೆ ಇನ್ನೂ ಸ್ವಲ್ಪ ಕಡಿಮೆ.

ಹಳೆಯ ವಿ ಬೆಲ್ಟ್ ಇರುವ ಗಾಡಿಗಳು

ಇವುಗಳ ಬೆಲ್ಟಿಗೆ ರಿಬ್ ಇಲ್ಲ, ಅಡ್ಡಕೊಯ್ತದಲ್ಲಿ ವಿ ಆಕಾರ. ಇಲ್ಲಿ ಟೆನ್ಷನ್ ಕೈಯಿಂದಲೇ. ಆಲ್ಟರ್ನೇಟರಿನ ಕೆಳಗಿನ ಬೋಲ್ಟ್ ಮತ್ತು ಮೇಲಿನ ಸೀಳಿನ ಬೋಲ್ಟ್ ಸಡಿಲಿಸಿ, ಮರದ ತುಂಡಿನಿಂದ ಹೊರಗೆ ಮೀಟಿ ಬಿಗಿ ಮಾಡಿ. ಮೀಟುವುದು ಗಟ್ಟಿಯಾದ ಮುಂದಿನ ಕವರಿಗೆ ತಾಗಿಸಿ. ಹಿಂಬದಿಯ ಕವರ್ ತೆಳು, ಒಡೆಯುತ್ತದೆ. ಅತಿ ಉದ್ದದ ಭಾಗದ ಮಧ್ಯದಲ್ಲಿ ಹೆಬ್ಬೆರಳಿಂದ ಸುಮಾರು 10 ಕೆ.ಜಿ. ಬಲ ಒತ್ತಿದರೆ ಬೆಲ್ಟ್ 10ರಿಂದ 12 ಮಿ.ಮೀ. ಬಗ್ಗಬೇಕು. ಇನ್ನೂ ಬಿಗಿ ಇರಲಿ ಎಂದು ಎಳೆದರೆ ವಾಟರ್ ಪಂಪ್ ಮತ್ತು ಆಲ್ಟರ್ನೇಟರ್ ಬೇರಿಂಗುಗಳು ಬೇಗ ಸಾಯುತ್ತವೆ. ಜೋಡಿ ಬೆಲ್ಟ್ ಇದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಹೊಸದೊಂದೇ ಭಾರವೆಲ್ಲ ಹೊರುತ್ತದೆ. ಹೊಸ ವಿ ಬೆಲ್ಟ್ ಅರ್ಧ ಗಂಟೆ ಓಡಿದ ಮೇಲೆ ಸ್ವಲ್ಪ ಹಿಗ್ಗುತ್ತದೆ, ತಣ್ಣಗಾದಾಗ ಮತ್ತೆ ಬಿಗಿ ನೋಡಬೇಕು.

ಸ್ಟಾರ್ಟ್ ಮಾಡಿದ ಮೇಲೆ

ಕೂಲೆಂಟ್ ಮಟ್ಟ ನೋಡಿ, ಬ್ಯಾಟರಿ ಜೋಡಿಸಿ, ಹತ್ತು ಸೆಕೆಂಡ್ ಓಡಿಸಿ ಆಫ್ ಮಾಡಿ. ಬೆಲ್ಟ್ ಸರಿದಿಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ಸ್ಟಾರ್ಟ್ ಮಾಡಿ, ಹೆಡ್‌ಲೈಟ್, ಬ್ಲೋವರ್, ಎ.ಸಿ. ಹಾಕಿ, ಸ್ಟೀರಿಂಗನ್ನು ಕೊನೆಯವರೆಗೆ ಒಮ್ಮೆ ತಿರುಗಿಸಿ. ಭಾರ ಬಿದ್ದಾಗ ಕೀರಲು ಬರಬಾರದು, ಟೆನ್ಷನರ್ ತೋಳು ಕುಣಿಯಬಾರದು. ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬಂದರೆ ಚಾರ್ಜಿಂಗ್ ಸರಿ; ಸ್ಮಾರ್ಟ್ ಚಾರ್ಜಿಂಗ್ ಇರುವ ಹೊಸ ಗಾಡಿಗಳಲ್ಲಿ ಇದು ಏರಿಳಿಯುತ್ತದೆ. ಎಂಜಿನ್ ಒಮ್ಮೆ ಕುದಿದಿದ್ದರೆ ಆಯಿಲ್ ಕಡ್ಡಿಯಲ್ಲಿ ಹಾಲುಬಣ್ಣ, ಕೂಲೆಂಟ್ ಟ್ಯಾಂಕಿನಲ್ಲಿ ನಿಲ್ಲದ ಗುಳ್ಳೆ ಇದೆಯೇ ನೋಡಿ. ಇವು ಹೆಡ್ ಗ್ಯಾಸ್ಕೆಟ್ಟಿನ ಗುರುತು.

ಬೆಲ್ಟ್ ಇಲ್ಲದೆಯೇ ಹೊರಬರಬೇಕಾದರೆ

ವಾಟರ್ ಪಂಪ್ ಟೈಮಿಂಗ್ ಬೆಲ್ಟಿನಿಂದಲೋ ಚೈನಿನಿಂದಲೋ ತಿರುಗುವ ಎಂಜಿನ್ ಆದರೆ ಬ್ಯಾಟರಿ ಇರುವಷ್ಟು ಹೊತ್ತು ಹೋಗಬಹುದು. ಎ.ಸಿ., ಬ್ಲೋವರ್, ಹೆಚ್ಚುವರಿ ದೀಪ ಎಲ್ಲ ಆಫ್. ಫ್ಯೂಯಲ್ ಪಂಪ್, ಇಂಜೆಕ್ಟರ್, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಸೇರಿ 15 ಆಂಪಿಯರ್ ಎಳೆದರೂ 60 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಲೆಕ್ಕದಲ್ಲಿ ನಾಲ್ಕು ಗಂಟೆ. ನಿಜದಲ್ಲಿ ಅದರ ಅರ್ಧ ಸಿಕ್ಕರೆ ಅದೃಷ್ಟ, ಯಾಕೆಂದರೆ ಬ್ಯಾಟರಿ ಪೂರ್ತಿ ಖಾಲಿಯಾಗುವ ಮೊದಲೇ ವೋಲ್ಟೇಜ್ ಇಳಿದು ಇಸಿಯು ಕೈಕೊಡುತ್ತದೆ. ವಾಟರ್ ಪಂಪ್ ಇದೇ ಬೆಲ್ಟಿನದಾದರೆ ಎಳೆಸಿಕೊಂಡು ಹೋಗುವುದೇ ಸರಿ. ಹಗ್ಗ, ಬಟ್ಟೆ, ಕಾಲುಚೀಲ ಸುತ್ತುವ ಉಪಾಯಗಳು ಹಳೆಯ ವಿ ಪುಲ್ಲಿಗೆ ಒಂದಿಷ್ಟು ದೂರ ನಡೆದಾವು, ರಿಬ್ ಪುಲ್ಲಿಯಲ್ಲಿ ನಡೆಯುವುದಿಲ್ಲ.

ಹೊಸ ಬೆಲ್ಟೂ ಸದ್ದು ಮಾಡಿದರೆ

ಎಂಜಿನ್ ಐಡಲ್‌ನಲ್ಲಿರುವಾಗ ಬಟ್ಟೆ, ಕೈ ದೂರವಿಟ್ಟು, ಸಣ್ಣ ಬಾಟಲಿಯಿಂದ ಬೆಲ್ಟಿನ ರಿಬ್ ಮುಖಕ್ಕೆ ಒಂದಿಷ್ಟು ನೀರು ಚಿಮುಕಿಸಿ. ಚಿಂವ್ ಚಿಂವ್ ಸದ್ದು ಕೆಲವು ಸೆಕೆಂಡ್ ನಿಂತು ಮತ್ತೆ ಬಂದರೆ ಪುಲ್ಲಿಗಳ ಸಾಲು ತಪ್ಪಿದೆ. ನೀರು ಬಿದ್ದಾಗ ಕಿರುಚಾಟ ಜೋರಾದರೆ ಟೆನ್ಷನ್ ಸಾಲದು. ನೀರಿಗೆ ಏನೂ ಬದಲಾಗದ ಗುರ್ ಸದ್ದು ಬೇರಿಂಗಿನದು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ತಿರುಗದ ಭಾಗಕ್ಕೆ, ಅಂದರೆ ಪಂಪಿನ ಮೈಗೋ ಆಲ್ಟರ್ನೇಟರ್ ಮೈಗೋ ತಾಗಿಸಿ ಹಿಡಿಗೆ ಕಿವಿಯಿಟ್ಟರೆ ಯಾವುದೆಂದು ತಿಳಿಯುತ್ತದೆ. ಬೆಲ್ಟ್ ಡ್ರೆಸ್ಸಿಂಗ್ ಸ್ಪ್ರೇಯ ಸಹವಾಸ ಬೇಡ. ಅದು ಸದ್ದನ್ನು ಎರಡು ದಿನ ಮುಚ್ಚುತ್ತದೆ, ಅಂಟಿಗೆ ಧೂಳು ಮೆತ್ತಿ ತೋಡುಗಳನ್ನು ತುಂಬುತ್ತದೆ.

ಎಲ್ಲ ಬೇರಿಂಗ್ ಸರಿ, ಸಾಲೂ ಸರಿ, ಆದರೂ ಬೆಲ್ಟ್ ಪದೇ ಪದೇ ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ ಕ್ರ್ಯಾಂಕ್ ಪುಲ್ಲಿಯ ಮೇಲೆ ಅನುಮಾನ ಪಡಿ. ಹಬ್ಬಿನಿಂದ ಹೊರಬಳೆಯವರೆಗೆ ಬಿಳಿ ಪೇಂಟಿನಲ್ಲಿ ಒಂದೇ ಗೆರೆ ಎಳೆದು ಒಂದೆರಡು ದಿನ ಗಾಡಿ ಓಡಿಸಿ. ಗೆರೆ ರಬ್ಬರಿನ ಬಳಿ ಮುರಿದು ಎರಡಾಗಿದ್ದರೆ ಹೊರಬಳೆ ಜಾರುತ್ತಿದೆ, ಪುಲ್ಲಿ ಬದಲಿಸಬೇಕು. ಆ ಬೋಲ್ಟ್ ಬಹಳ ಬಿಗಿ ಇರುತ್ತದೆ, ಕೆಲವು ಎಂಜಿನ್‌ಗಳಲ್ಲಿ ಒಮ್ಮೆ ಬಿಚ್ಚಿದ ಬೋಲ್ಟನ್ನು ಮತ್ತೆ ಬಳಸುವಂತಿಲ್ಲ. ಪುಲ್ಲಿಯ ಜೊತೆಗೇ ಹೊಸ ಬೋಲ್ಟ್ ಮತ್ತು ಮುಂದಿನ ಆಯಿಲ್ ಸೀಲ್ ತರಿಸಿಕೊಳ್ಳಿ.